ಎರಡು ಸಲ ಕುಟ್ಟಿದರೆ ಪೂರ್ಣವಿರಾಮ

ಅಪ್ಪ ತಲೆಗೆ ಬಣ್ಣ ಹಚ್ಚಿಕೊಂಡದ್ದು ಮನೆಯಲ್ಲಿ ಮೂರು ದಿನ ನಗೆಪಾಟಲಿನ ಸಂಗತಿಯಾಯಿತು. ಬಚ್ಚಲಿನ ಬಿಳಿ ಟವೆಲ್ಲಿನ ಮೇಲೆ ಕಪ್ಪು ಕಲೆ ಮೊದಲು ಕಂಡದ್ದು ಅಮ್ಮನ ಕಣ್ಣಿಗೆ.

"ಇದೇನ್ರೀ ಇದು? ಇದ್ದ ಒಂದು ಒಳ್ಳೇ ಟವೆಲ್ಲೂ ಹಾಳಾಯ್ತು. ಅರವತ್ತೊಂದಕ್ಕೆ ಯಾರಿಗೆ ತೋರಿಸ್ಬೇಕು ಈ ಕರೀ ಕೂದಲು?"

"ಹಚ್ಕೋಬೇಕು ಅನ್ನಿಸ್ತು, ಹಚ್ಕೊಂಡೆ," ಅಂದರು ಅಪ್ಪ.

"ಅಮ್ಮಾ, ಸ್ವಲ್ಪ ಕಣ್ಣಿಟ್ಟಿರು," ಅಂದಳು ಅಕ್ಕ, ಚಪ್ಪಲಿ ಮೆಟ್ಟಿಕೊಳ್ಳುತ್ತ. "ದಿನಾ ಹತ್ತು ಗಂಟೆಗೆ ಲೈಬ್ರರಿ ಲೈಬ್ರರಿ ಅಂತ ಓಡೋದು ಯಾಕೆ ಅಂತ ಈಗ ಗೊತ್ತಾಗ್ತಿದೆ."

ಎಲ್ಲರೂ ನಕ್ಕರು. ಪಂಡಿತನೂ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ.

ಪಂಡಿತ ಅನ್ನುವುದು ಅಕ್ಕ ಇಟ್ಟ ಹೆಸರು. ಇಪ್ಪತ್ತನಾಲ್ಕು ತುಂಬಿದರೂ ಓದು ಓದು ಅನ್ನುವುದನ್ನು ಬಿಡದ ತಮ್ಮನಿಗೆ ಅದಕ್ಕಿಂತ ಒಳ್ಳೆಯ ಹೆಸರು ಅವಳಿಗೆ ಸಿಕ್ಕಿರಲಿಲ್ಲ. ನದಿಗಳಲ್ಲಿ ಹೂಳು ಹೇಗೆ ಕೂರುತ್ತದೆ ಎಂಬುದರ ಬಗ್ಗೆ ಹೆಚ್ಚಿನ ಓದಿಗೆ ಅವನು ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿ ಕೂತಿದ್ದ. "ಹೂಳು ಎತ್ತೋಕೆ ಹಾರೆ ಸಾಕು ಕಣೋ, ಅದಕ್ಕೂ ಪರೀಕ್ಷೆ ಬರೀಬೇಕಾ?" ಎಂದು ರೇಗಿಸಿದವಳೇ ಅರ್ಜಿಗಳ ಶುಲ್ಕವನ್ನೂ ಕಟ್ಟಿದ್ದಳು. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಅಪ್ಪ ಮೂವತ್ತೆರಡು ವರ್ಷ ಕರಡು ತಿದ್ದಿದ ಛಾಪಾಖಾನೆ ಹಿಂದಿನ ವರ್ಷ ಬಾಗಿಲು ಹಾಕಿಕೊಂಡಿತ್ತು.

ಅರ್ಜಿಯ ಜೊತೆ ಎರಡು ಪುಟದ ಪ್ರಬಂಧವೊಂದನ್ನು ಬರೆಯಬೇಕಿತ್ತು, ನಾನು ಯಾರು, ಏನು ಮಾಡಿದ್ದೇನೆ, ಏನು ಮಾಡಬೇಕೆಂದಿದ್ದೇನೆ ಎಂದು. ಅವನು ಅದನ್ನು ಬರೆಯುತ್ತ ಕೂತಿದ್ದಾಗ ಅಪ್ಪ ಬೆನ್ನ ಹಿಂದೆ ಬಂದು ನಿಂತಿದ್ದರು.

"ಕಳಿಸೋ ಮುಂಚೆ ನಾನೊಂದು ಸಲ ನೋಡ್ಲಾ?"

"ಬೇಡ ಅಪ್ಪ, ಇದು ನಿಮಗೆ ಅರ್ಥ ಆಗೋ ವಿಷಯ ಅಲ್ಲ."

ಅಪ್ಪ "ಸರಿ" ಎಂದು ಹೋಗಿ ಪೇಪರು ಬಿಡಿಸಿಕೊಂಡಿದ್ದರು. ಆಗ ಅವನಿಗೆ ಏನೂ ಅನ್ನಿಸಿರಲಿಲ್ಲ.

ಉತ್ತರ ಬರಲು ಇನ್ನೂ ತಿಂಗಳುಗಳಿದ್ದವು. ಅಲ್ಲಿಯವರೆಗೆ ಮನೆಯಲ್ಲಿ ಮೂರು ಹೊತ್ತು ಉಂಡು ಫೋನು ನೋಡುತ್ತ ಕೂರುವುದಕ್ಕೆ ಅವನಿಗೇ ಮುಜುಗರ. ಕೆಲಸ ಹುಡುಕತೊಡಗಿದ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಎಷ್ಟು ವರ್ಷ ಇರ್ತೀರಿ? ಮೊದಲೆರಡು ಕಡೆ ನಿಜ ಹೇಳಿದ. ಅವರು ಚಹಾ ಕೊಟ್ಟು ಕಳಿಸಿದರು. ಮೂರನೆಯ ಕಡೆಯಿಂದ ಸುಳ್ಳು ಹೇಳಲು ಕಲಿತ.

ಹಾಗೆ ಹೋದದ್ದು ಒಂದು ಮುದ್ರಣಾಲಯಕ್ಕೆ. ಔಷಧಿ ಬಾಟಲಿಗಳ ಮೇಲಿನ ಚೀಟಿ, ಪೆಟ್ಟಿಗೆಯೊಳಗೆ ಮಡಿಸಿಡುವ ಸಣ್ಣಕ್ಷರದ ಕಾಗದ, ಇಂಥವನ್ನೇ ಅಚ್ಚು ಹಾಕುವ ಜಾಗ. ಕರಡು ತಿದ್ದುವ ಒಂದು ಹುದ್ದೆ ಖಾಲಿ ಇತ್ತು. ಬಾಗಿಲಲ್ಲಿ ಹೆಸರು, ಫೋನ್ ನಂಬರು ಬರೆದುಕೊಟ್ಟು ಒಳಗೆ ಕಾಲಿಟ್ಟ. ಏಳು ಜನ ಕೂತಿದ್ದರು. ಕೊನೆಯ ಕುರ್ಚಿಯಲ್ಲಿ, ಇಸ್ತ್ರಿಯ ನೀಲಿ ಶರ್ಟು ತೊಟ್ಟು, ಕಪ್ಪು ಕೂದಲನ್ನು ಒಪ್ಪವಾಗಿ ಬಾಚಿಕೊಂಡು, ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ಅಪ್ಪ ಕೂತಿದ್ದರು.

ಪಂಡಿತ ಇಟ್ಟ ಹೆಜ್ಜೆಯಲ್ಲೇ ನಿಂತ. ಲೈಬ್ರರಿ ಯಾವುದು, ಬಣ್ಣ ಯಾರಿಗೆ ಎಂಬುದೆಲ್ಲ ಒಂದೇ ಏಟಿಗೆ ಗೊತ್ತಾಯಿತು. ಅಪ್ಪನೂ ನೋಡಿದರು. ಅಪ್ಪ ಏಳಲಿಲ್ಲ, ಇವನು ಕರೆಯಲಿಲ್ಲ. ಇವನು ಈಚೆ ತುದಿಯ ಕುರ್ಚಿಯಲ್ಲಿ ಕೂತು ಗೋಡೆ ನೋಡಿದ.

ಪರೀಕ್ಷೆ ಜೋಡಿಯಾಗಿ. ಆ ಕೆಲಸದ ರೀತಿಯೇ ಅದು: ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಪ್ರತಿ ಅಂಕಿ, ಪ್ರತಿ ಚಿಹ್ನೆ ಬಿಡದೆ; ಇನ್ನೊಬ್ಬರು ಅಚ್ಚಾದ ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಗುರುತಿಸಬೇಕು. ಮೇಲ್ವಿಚಾರಕಿ ಈ ತುದಿಯಿಂದ ಒಬ್ಬರನ್ನು, ಆ ತುದಿಯಿಂದ ಒಬ್ಬರನ್ನು ಎಬ್ಬಿಸಿ ಕೂರಿಸಿದರು. ಇವನು ಅಪ್ಪನ ಎದುರಿಗೆ ಬಂದ.

ಮಿಕ್ಕ ಮೇಜುಗಳಲ್ಲಿ "ಅಲ್ಪವಿರಾಮ", "ಪೂರ್ಣವಿರಾಮ" ಎಂದು ಕೂಗುತ್ತಿದ್ದರು. ಇವನು ಓದುತ್ತ ಬೆರಳಿನ ಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದ. ಒಂದು ಸಲ ಕುಟ್ಟಿದರೆ ಅಲ್ಪವಿರಾಮ, ಎರಡು ಸಲ ಕುಟ್ಟಿದರೆ ಪೂರ್ಣವಿರಾಮ. ಏಳು ವರ್ಷದ ಹುಡುಗನಾಗಿದ್ದಾಗ, ಅಪ್ಪ ಭಾನುವಾರ ಮನೆಗೆ ತರುತ್ತಿದ್ದ ಕರಡುಗಳನ್ನು ಓದಿ ಹೇಳುವುದೇ ಇವನ ಆಟವಾಗಿತ್ತು. ಬಾಯಿ ನೋಯದಿರಲಿ ಎಂದು ಅಪ್ಪ ಕಲಿಸಿದ ಉಪಾಯ ಅದು. ಕೈ ತಾನಾಗಿ ಕುಟ್ಟುತ್ತಿತ್ತು.

ಮೇಲ್ವಿಚಾರಕಿ ಪಕ್ಕದಲ್ಲಿ ಬಂದು ನಿಂತರು. "ಇದೇನು ತಬಲಾ? ಚೆನ್ನಾಗಿದೆಯಲ್ಲ. ನೀವಿಬ್ರೂ ಮುಂಚೆಯಿಂದ ಗುರುತಾ?"

ಕೇಳಿದ್ದು ಇವನನ್ನು. ಸುತ್ತ ಎಲ್ಲರೂ ತಲೆ ಎತ್ತಿದರು. ಒಂದು ಕುರ್ಚಿಗೆ ಅಪ್ಪ ಮಗ ಇಬ್ಬರೂ ಸಾಲಿನಲ್ಲಿ ನಿಂತಿದ್ದಾರೆ ಅಂದರೆ ನಗದವರು ಯಾರು? ಬುಡದಲ್ಲಿ ಆಗಲೇ ಬೆಳ್ಳಗಾಗುತ್ತಿದ್ದ ಆ ಕೂದಲು, ಕಾಲರಿನ ಒಳಗಡೆ ಅಮ್ಮ ಹಾಕಿದ ಹೊಲಿಗೆ, ಎಲ್ಲ ಅವನಿಗೆ ಒಂದೇ ಸಲಕ್ಕೆ ಕಂಡವು.

"ಇಲ್ಲ ಮೇಡಂ. ಗೊತ್ತಿಲ್ಲ."

ಅಪ್ಪ ಪೆನ್ಸಿಲಿನ ಮೊನೆ ನೋಡುತ್ತಿದ್ದರು. "ಇವತ್ತೇ ನೋಡ್ತಿರೋದು," ಅಂದರು. ಆಮೇಲೆ ಇವನ ಕಡೆ ತಿರುಗಿ, "ಓದಿ, ನೀವು ಓದಿ," ಅಂದರು.

ಹುಟ್ಟಿದ ಮೇಲೆ ಮೊದಲ ಸಲ ಅಪ್ಪ ಅವನನ್ನು ನೀವು ಅಂದಿದ್ದರು. ಅವನು ಓದಿದ. ಕೆಮ್ಮಿನ ಔಷಧಿಯ ಕೋಷ್ಟಕ ಬಂತು, ಯಾವ ವಯಸ್ಸಿನ ಮಗುವಿಗೆ ಎಷ್ಟು ಚಮಚ ಎಂದು. ಓದಿಕೊಂಡು ಹೋಗುತ್ತಿದ್ದಂತೆ ಅಪ್ಪ ಅಂಗೈ ಎತ್ತಿದರು.

"ತಡೀರಿ. ಎರಡು ವರ್ಷದ ಮಗೂಗೆ ಮೂರು ಚಮಚ, ಆರು ವರ್ಷದ ಮಗೂಗೆ ಒಂದು?"

"ಮೂಲದಲ್ಲೂ ಹಾಗೇ ಇದೆ."

"ಹಾಗಾದ್ರೆ ಮೂಲವೇ ತಪ್ಪು."

ಬೇರೆ ಯಾವ ಜೋಡಿಯೂ ಅದನ್ನು ಹಿಡಿದಿರಲಿಲ್ಲ. ಎರಡೂ ಕಾಗದ ಒಂದೇ ಥರ ಇದ್ದ ಮೇಲೆ ಯಾರು ತಡವರಿಸುತ್ತಾರೆ? ಮೇಲ್ವಿಚಾರಕಿ ಬೇಕೆಂತಲೇ ಇಟ್ಟ ತಪ್ಪು ಅದು. ಅವರು ಹಾಳೆ ಎತ್ತಿಕೊಂಡು, "ಇದನ್ನ ಹಿಡಿದದ್ದು ಯಾರು?" ಅಂದರು.

"ಇವರು," ಅಂದರು ಅಪ್ಪ. "ಓದ್ತಾ ಓದ್ತಾ ತಾವೇ ನಿಲ್ಲಿಸಿದ್ರು."

ಇವನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ.

ಕೆಲಸ ಅವನಿಗೇ ಆಯಿತು.

ಮನೆಯಲ್ಲಿ ಅಮ್ಮ ಕಣ್ಣೊರೆಸಿಕೊಂಡಳು. "ಅಂತೂ ಪಂಡಿತರ ಬಾಯಿಗೆ ಕೆಲಸ ಸಿಕ್ತು," ಅಂದಳು ಅಕ್ಕ. ಅಪ್ಪ ಎರಡು ಗಂಟೆ ತಡವಾಗಿ, ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡು ಬಂದರು. ಅಮ್ಮ ಸುದ್ದಿ ಹೇಳಿದಾಗ, "ಹೌದಾ? ಯಾವ ಕಂಪನಿ?" ಅಂದರು. ಕಂಪನಿಯ ಹೆಸರು ಕೇಳಿ, "ಒಳ್ಳೇದು. ಜವಾಬ್ದಾರಿ ಕೆಲಸ," ಅಂದರು. ಚೀಲದಿಂದ ಆಲೂಗಡ್ಡೆ ತೆಗೆದು ಬುಟ್ಟಿಗೆ ಹಾಕತೊಡಗಿದರು, ಒಂದೊಂದಾಗಿ.

ಪಂಡಿತ ಒಂದು ಲೆಕ್ಕಾಚಾರ ಹಾಕಿಕೊಂಡ. ಐದರಲ್ಲಿ ಒಂದು ಕಡೆಯಿಂದಾದರೂ ಸೀಟು ಬಂದೇ ಬರುತ್ತದೆ. ಬಂದ ದಿನ ರಾಜೀನಾಮೆ ಕೊಟ್ಟು, ನಿಜ ಹೇಳಿ, ಈ ಕುರ್ಚಿಯನ್ನು ಅಪ್ಪನಿಗೆ ಕೊಡಿಸಿಬಿಟ್ಟರಾಯಿತು. ಆಗ ಹೇಳುವುದಕ್ಕೆ ತನಗೇನೂ ನಷ್ಟವಿರುವುದಿಲ್ಲ. ನಷ್ಟವಿಲ್ಲದ ದಿನಕ್ಕಾಗಿ ಕಾಯುತ್ತಿದ್ದೇನೆ ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಅದಕ್ಕೇ ಕನ್ನಡಿಯ ಮುಂದೆ ಬೇಗ ಬೇಗ ತಲೆ ಬಾಚಿಕೊಂಡು ಹೊರಡುತ್ತಿದ್ದ.

ಕೆಲಸವೂ ಸಲೀಸಾಗಿರಲಿಲ್ಲ. ಸಣ್ಣಕ್ಷರ ಕಣ್ಣ ಮುಂದೆ ಇರುವೆಯಂತೆ ಹರಿದಾಡುತ್ತಿತ್ತು. ಮೊದಲ ವಾರವೇ ಎರಡು ತಪ್ಪು ಜಾರಿದವು. ಹೆದರಿ, ಕರಡುಗಳನ್ನು ಬ್ಯಾಗಿನಲ್ಲಿ ಮನೆಗೆ ತಂದ. ತರಬಾರದೆಂದು ನಿಯಮವಿತ್ತು.

ಸಂಜೆ ಊಟದ ಮೇಜಿನ ಮೇಲೆ ಹಾಳೆ ಹರಡಿದಾಗ ಅಪ್ಪ ಕನ್ನಡಕ ಹಾಕಿಕೊಂಡು ಬಂದು ಎದುರು ಕೂತರು. ಇವನು ಓದಿದ, ಕುಟ್ಟಿದ. ಅಪ್ಪ ತಿದ್ದಿದರು. ಮರುದಿನವೂ ಅದೇ. ಮೂರನೆಯ ದಿನಕ್ಕೆ ಅಪ್ಪ ಆರು ಗಂಟೆಗೇ ಮುಖ ತೊಳೆದು, ಪೆನ್ಸಿಲು ಕೆತ್ತಿಟ್ಟುಕೊಂಡು ಕಾಯುತ್ತಿದ್ದರು.

"ಇದೇನು ಊಟದ ಮೇಜೋ ಪ್ರೆಸ್ಸೋ?" ಅಮ್ಮ ಸೌಟು ಹಿಡಿದು ನಿಂತಿದ್ದಳು. "ಬೇಳೆ ಆರಿ ಕಲ್ಲಾಗ್ತಿದೆ. ಅವನ ಕೆಲಸ ನೀವ್ಯಾಕ್ರೀ ಮಾಡ್ತೀರಾ?"

"ಎರಡೇ ಪುಟ ಇದೆ, ತಾಳು."

"ಅಪ್ಪಾ, ನಿಮಗೆ ಸಂಬಳ ಎಷ್ಟಂತೆ?" ಅಂದಳು ಅಕ್ಕ. ಅಮ್ಮ ನಕ್ಕಳು, ಅಪ್ಪನೂ ನಕ್ಕರು. ಪಂಡಿತ ನೀರು ಕುಡಿಯುವ ನೆಪದಲ್ಲಿ ಎದ್ದುಹೋದ.

ಆಫೀಸಿನಲ್ಲಿ ಅವನ ತಪ್ಪುಗಳು ನಿಂತವು. ಮೇಲ್ವಿಚಾರಕಿ ಹೊಸಬರಿಗೆ ಆ ಕೆಮ್ಮಿನ ಔಷಧಿಯ ಕೋಷ್ಟಕ ತೋರಿಸಿ, "ಮೂಲದ ತಪ್ಪನ್ನೂ ಹಿಡಿಯೋದು ಅಂದ್ರೆ ಹೀಗೆ. ಇವರು ಹಿಡಿದದ್ದು," ಎಂದು ಇವನತ್ತ ಕೈ ಮಾಡುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ. ಹೊಸಬರು ಅದನ್ನು ವಿನಯ ಅಂದುಕೊಂಡರು.

ಉತ್ತರಗಳು ಬರತೊಡಗಿದವು. ಮೊದಲನೆಯದು ಮೂರೇ ಸಾಲಿನದು. ಎರಡನೆಯದರಲ್ಲಿ ಬಹಳ ಒಳ್ಳೆಯ ಮಾತುಗಳಿದ್ದವು, ಸೀಟು ಇರಲಿಲ್ಲ. ಮೂರನೆಯದು ಬಂದಾಗ ಅವನು ಬಸ್ಸಿನಲ್ಲಿ ನಿಂತಿದ್ದ. ಓದಿ ಮುಗಿಸುವಷ್ಟರಲ್ಲಿ ಇಳಿಯುವ ಸ್ಟಾಪು ದಾಟಿಹೋಗಿತ್ತು. ನಾಲ್ಕನೆಯದನ್ನು ಕ್ಲಿನಿಕ್ಕಿನಿಂದ ಬಂದ ಅಕ್ಕನೇ ಅವನ ಭುಜದ ಮೇಲಿಂದ ಓದಿದಳು. ರೇಗಿಸಲಿಲ್ಲ. "ಇನ್ನೊಂದಿದೆಯಲ್ಲ," ಅಂದಳು.

ಅದೇ ವಾರ ಮೇಲ್ವಿಚಾರಕಿ ಕರೆದು, ಸೋಮವಾರದಿಂದ ಅವನ ಕೆಲಸ ಕಾಯಂ ಅಂದರು. ಮನೆಗೆ ಬಂದು ಹೇಳಿದ. ಸೀಟು ಸಿಗದಿದ್ದರೂ ನೆಲೆಯಾಯಿತಲ್ಲ ಎಂದು ಅಮ್ಮನಿಗೆ ಸಮಾಧಾನ. ಅವನ ಲೆಕ್ಕಾಚಾರ ಮಾತ್ರ ತಲೆಕೆಳಗಾಗಿತ್ತು. ಇನ್ನು ಈ ಕುರ್ಚಿ ತನಗೇ ಬೇಕು. ಹಾಗಿದ್ದರೆ ಆ ಮಾತನ್ನು ಹೇಳುವ ದಿನ ಯಾವುದು?

ಅವತ್ತು ಅಕ್ಕನಿಗೆ ಕ್ಲಿನಿಕ್ಕಿನಲ್ಲಿ ಯಾರದೋ ಜೊತೆ ಜಗಳವಾಗಿತ್ತು. ಊಟಕ್ಕೆ ಕೂತಾಗ ಅಪ್ಪ ಹೊಸ ಕನ್ನಡಕದ ಮಾತೆತ್ತಿದರು, ಸಣ್ಣಕ್ಷರ ಕಾಣುತ್ತಿಲ್ಲ ಎಂದು. ಅವಳ ಸಿಟ್ಟಿಗೆ ಅಷ್ಟು ಸಾಕಾಯಿತು.

"ಕನ್ನಡಕ ಯಾಕಪ್ಪಾ ನಿಮಗೆ, ಲೈಬ್ರರೀಲಿ ಪೇಪರ್ ಓದೋಕಾ? ಒಂದು ವರ್ಷ ಆಯ್ತು ಪ್ರೆಸ್ ಮುಚ್ಚಿ. ಒಂದೇ ಒಂದು ಕಡೆ ಹೋಗಿ ಕೆಲಸ ಇದೆಯಾ ಅಂತ ಕೇಳಿದೀರಾ? ಇವನನ್ನ ನೋಡಿ, ಹೋದ, ಪರೀಕ್ಷೆ ಬರೆದ, ತಗೊಂಡು ಬಂದ."

"ಹೌದಮ್ಮ," ಅಂದರು ಅಪ್ಪ. "ಅವನು ಜಾಣ."

"ಅಪ್ಪ ಬಂದಿದ್ರು," ಅಂದ ಪಂಡಿತ.

"ಎಲ್ಲಿಗೆ?"

"ಸುಮ್ನಿರು," ಅಂದರು ಅಪ್ಪ.

"ಪರೀಕ್ಷೆಗೆ. ನನ್ನ ಎದುರಿಗೇ ಕೂತಿದ್ರು. ಆ ತಪ್ಪು ಹಿಡಿದದ್ದು ಅಪ್ಪ, ನಾನಲ್ಲ. ಇವರು ಗೊತ್ತಾ ಅಂತ ಮೇಡಂ ಕೇಳಿದ್ರು. ನಾನು ಗೊತ್ತಿಲ್ಲ ಅಂದೆ."

"ಸುಮ್ನಿರು ಅಂದೆನಲ್ಲ!" ಅಪ್ಪ ಮೇಜಿನ ಮೇಲೆ ಕೈ ಬಡಿದರು. ಲೋಟ ಉರುಳಿ ನೀರು ತಟ್ಟೆಗಳ ನಡುವೆ ಹರಿಯಿತು. ಯಾರೂ ಒರೆಸಲಿಲ್ಲ.

"ಏನಂದೆ?" ಅಮ್ಮ ಕೇಳಿದಳು. "ಹೆತ್ತ ಅಪ್ಪನ್ನ ಗೊತ್ತಿಲ್ಲ ಅಂದ್ಯಾ?"

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಹೇಳಿದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದ. ಆದರೆ ಹೇಳಿದ್ದರಿಂದ ಇವನ ನಾಚಿಕೆಯ ಜೊತೆಗೆ ಅಪ್ಪನದೂ ಮೇಜಿನ ಮೇಲೆ ಬಂದು ಬಿದ್ದಿತ್ತು: ಬಣ್ಣ, ಫೈಲು, ಬೇಡವೆಂದು ತಿರುಗಿ ಬಂದ ಅಷ್ಟೂ ಬಾಗಿಲುಗಳು.

"ನನ್ನ ಮಾನ ನಾನು ಮುಚ್ಕೊಂಡಿದ್ದೆ," ಅಂದರು ಅಪ್ಪ ಎದ್ದು ನಿಂತು. "ಅದನ್ನ ಬಿಚ್ಚಿ ಹರಡೋಕೆ ನಿಮಗೆ ಯಾರು ಹೇಳಿದ್ರು, ಸಾಹೇಬ್ರೇ?"

ಅಕ್ಕ ತಟ್ಟೆಯ ಮುಂದೆ ಕೂತಲ್ಲೇ ಅಳತೊಡಗಿದಳು.

ಮರುದಿನ ಬೆಳಿಗ್ಗೆ ಅವನು ಮೇಲ್ವಿಚಾರಕಿಯ ಮುಂದೆ ನಿಂತು ಎಲ್ಲ ಹೇಳಿದ. ಕರಡು ಮನೆಗೆ ಒಯ್ದದ್ದನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಮದುವೆ ಪತ್ರಿಕೆ ಅಲ್ಲಪ್ಪ, ಔಷಧಿ ಚೀಟಿ. ಇಲ್ಲಿ ಕೂರೋರ ಮಾತು ನಂಬೋ ಹಾಗಿರಬೇಕು. ನೀವು ಹೊರಡಿ."

"ಅಪ್ಪನ್ನ ಕರೀತೀರಾ ಮೇಡಂ? ಕೆಲಸ ಬಲ್ಲವರು."

"ಅವರೂ ಸುಳ್ಳು ಹೇಳಿದ್ರಲ್ಲ."

"ನನಗೋಸ್ಕರ ಹೇಳಿದ್ದು."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಬರಲಿ, ನೋಡೋಣ. ಒಬ್ಬರೇ ಬರಲಿ," ಅಂದರು ಕೊನೆಗೆ.

ಅಪ್ಪ ಹೋಗಲಿಲ್ಲ. "ಸಾಹೇಬ್ರು ಉಂಡು ಬಿಟ್ಟ ಎಲೆ ನನಗೆ ಬೇಡ ಅಂತ ಹೇಳು," ಎಂದು ಅಮ್ಮನ ಮೂಲಕ ಹೇಳಿಸಿದರು. ಒಂದು ವಾರ ಎಲ್ಲ ಮಾತೂ ಅಮ್ಮನ ಮೂಲಕವೇ. ಸಾಹೇಬ್ರ ಸ್ನಾನ ಆಯ್ತಾ ಕೇಳು. ಸಾಹೇಬ್ರು ದೀಪ ಆರಿಸ್ತಾರಾ ಕೇಳು. "ನಾನೇನು ಇವರಿಬ್ಬರ ಮಧ್ಯೆ ಟೆಲಿಫೋನಾ?" ಎಂದು ಅಮ್ಮ ಗೊಣಗಿದಳು. ಪಂಡಿತ ನೆಲ ಒರೆಸಿದ, ಪಾತ್ರೆ ತೊಳೆದ, ಬಟ್ಟೆ ಒಣಹಾಕಿದ. ಅಪ್ಪ ಇರುವ ಕೋಣೆಗೆ ಹೋಗುವಾಗ ಮೊದಲು ಕೆಮ್ಮುತ್ತಿದ್ದ.

ಎಂಟನೆಯ ದಿನ ಅಮ್ಮ ನೀಲಿ ಶರ್ಟಿಗೆ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ಹಾಕಿದಳು. ಅಕ್ಕ ಹೊಸ ಕನ್ನಡಕದ ಡಬ್ಬಿ ತಂದು ಅಪ್ಪನ ಮುಂದಿಟ್ಟಳು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು ಅಪ್ಪ. ಹೋಗಿ ಬನ್ನಿ. ಅವನಿಗೋಸ್ಕರ ಬೇಡ, ನಿಮಗೋಸ್ಕರ."

ಅಪ್ಪ ಹೋದರು. ಬಣ್ಣ ಹಚ್ಚಲಿಲ್ಲ; ತಲೆ ಅರ್ಧ ಕಪ್ಪು, ಅರ್ಧ ಬಿಳಿ. ಮಧ್ಯಾಹ್ನ ಬಂದು, "ಅರ್ಧ ದಿನದ ಕೆಲಸ. ಮೂರು ತಿಂಗಳು ನೋಡ್ತಾರಂತೆ," ಎಂದು ಅಮ್ಮನಿಗೆ ಹೇಳಿದರು. ಮರುದಿನದಿಂದ ಊಟದ ಡಬ್ಬಿ ಹಿಡಿದುಕೊಂಡು ಹೊರಟರು. ತರಕಾರಿ ಚೀಲ ಪಂಡಿತನ ಪಾಲಿಗೆ ಬಂತು. ಅವನು ಮತ್ತೆ ಕೆಲಸ ಹುಡುಕತೊಡಗಿದ. ಎಷ್ಟು ವರ್ಷ ಇರ್ತೀರಿ ಎಂದು ಕೇಳಿದವರಿಗೆ, "ಒಂದು ಉತ್ತರ ಬರೋದಿದೆ, ಅದು ಬಂದ ಮೇಲೆ ಹೇಳಬಲ್ಲೆ," ಅನ್ನುತ್ತಿದ್ದ. ಅವರು ಚಹಾ ಕೊಟ್ಟು ಕಳಿಸುತ್ತಿದ್ದರು.

ಆ ಐದನೆಯ ಉತ್ತರ ಬಂದದ್ದು ಒಂದು ಸಂಜೆ, ಮೇಜಿನ ಮೇಲೆ ತಟ್ಟೆ ಇಡುತ್ತಿದ್ದಾಗ. ಫೋನು ನೋಡಿದವನ ಮುಖ ನೋಡಿ ಅಮ್ಮನಿಗೆ ಗೊತ್ತಾಯಿತು. ಅಕ್ಕನಿಗೂ ಗೊತ್ತಾಯಿತು.

"ಗಟ್ಟಿಯಾಗಿ ಓದು," ಅಂದರು ಅಪ್ಪ. ಅಮ್ಮನಿಗಲ್ಲ, ಅವನಿಗೆ.

ಅವನು ಓದಿದ. "ನಿಮ್ಮ ಅರ್ಜಿಯನ್ನು ಗಮನವಿಟ್ಟು ಪರಿಶೀಲಿಸಿದ ಮೇಲೆ," ಎಂದು ನಿಂತ. ಕೈ ಏಳಲಿಲ್ಲ. ಅಪ್ಪನೇ ಒಂದು ಸಲ ಮೇಜು ಕುಟ್ಟಿದರು. "ನಿಮಗೆ ಪ್ರವೇಶ ನೀಡಲು ಸಾಧ್ಯವಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ." ಅಪ್ಪ ಎರಡು ಸಲ ಕುಟ್ಟಿದರು.

ಆಮೇಲೆ, "ಅವರಿಗೆ ಕಳಿಸಿದ್ದೇನು? ಅದನ್ನ ತಗೊಂಡು ಬಾ," ಅಂದರು.

ಅವನು ಆ ಎರಡು ಪುಟ ತಂದ. ಅಪ್ಪ ಕೈಗೆ ತೆಗೆದುಕೊಂಡು, ಹೊಸ ಕನ್ನಡಕ ಹಾಕಿಕೊಂಡು, ಪೆನ್ಸಿಲು ಹಿಡಿದರು. ಅವನು ಫೋನು ನೋಡಿಕೊಂಡು ಓದಿದ, ಈ ಸಲ ತಾನೇ ಕುಟ್ಟುತ್ತ. ಅಮ್ಮ ಬೇಳೆಯ ಪಾತ್ರೆಗೆ ಮುಚ್ಚಳ ಮುಚ್ಚಿ ಕೂತಳು. ಮೊದಲ ಪುಟ ಮುಗಿದು ಎರಡನೆಯದರ ನಡುವಿಗೆ ಬಂದಾಗ ಅಪ್ಪ ಅಂಗೈ ಎತ್ತಿದರು.

"ತಡಿ. ಮೊದಲನೇ ಪುಟದಲ್ಲಿ ನದಿಯ ಹನ್ನೆರಡು ಕಡೆ ಹೂಳು ಅಳೆದೆ ಅಂತೀಯ. ಇಲ್ಲಿ ಎಂಟು ಜಾಗದ ಹೆಸರಿದೆ. ಯಾವುದು ನಿಜ?"

ಬೆನ್ನ ಹಿಂದೆ ಬಂದು ನಿಂತು ನೋಡ್ಲಾ ಎಂದು ಕೇಳಿದ್ದ ಅಪ್ಪ ಅವನಿಗೆ ನೆನಪಾದರು. ಐದು ಕಡೆಗೆ ಕಳಿಸಿದ್ದ ಇದನ್ನು. ಅಪ್ಪ ಹಿಡಿದದ್ದನ್ನು ಅಲ್ಲಿಯವರು ಹಿಡಿದರೋ ಇಲ್ಲವೋ, ಅವನಿಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

"ಎಂಟು," ಅಂದ.

"ಮತ್ತೆ ಹನ್ನೆರಡು ಯಾಕೆ ಬಂತು?"

"ಜಾಸ್ತಿ ಕಾಣಲಿ ಅಂತ ಅಪ್ಪ."

ಅಪ್ಪ ತಲೆ ಎತ್ತಿ ನೋಡಲಿಲ್ಲ. ಮೊದಲ ಪುಟಕ್ಕೆ ತಿರುಗಿ, ಹನ್ನೆರಡನ್ನು ನಿಧಾನವಾಗಿ ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ದುಂಡು ಅಕ್ಷರದಲ್ಲಿ ಎಂಟು ಎಂದು ಬರೆದರು. ಆಮೇಲೆ ಇನ್ನೊಂದು ಪೆನ್ಸಿಲು ತೆಗೆದು ಅವನ ಕಡೆ ಉರುಳಿಸಿದರು.

"ಮೊದಲಿಂದ ಓದು," ಅಂದರು. "ಮುಂದಿನ ವರ್ಷ ಕಳಿಸೋಕೆ ಬೇಕಲ್ಲ."